‘ಪಯಸ್ವಿನಿ’ ನೌಕೆಗೆ ಕಪ್ತಾನ ಯಾರು?



ಕಳೆದ ಜುಲೈ ತಿಂಗಳ ಒಂದು ಶುಕ್ರವಾರ, ಕೊನೆಯ ಪೀರಿಯಡಿನಲ್ಲಿ, ನಮ್ಮ ಶಾಲೆಯ ಸಯನ್ಸ್ ಲ್ಯಾಬಿನೊಳಗೆ ಆರು ಜನ ಉಸಿರುಗಟ್ಟಿ ಸತ್ತರು. ಹೆದರಬೇಡಿ, ಆಟದಲ್ಲಿ ಸತ್ತದ್ದು. ಹೊರಗೆ ಜೋರು ಮಳೆ. ಒಳಗೆ ಎರಡು ಬೆಂಚು ಜೋಡಿಸಿ ಮಾಡಿದ ಬಾಹ್ಯಾಕಾಶ ನೌಕೆ. ಅದಕ್ಕೆ ಮಕ್ಕಳು ‘ಪಯಸ್ವಿನಿ’ ಎಂದು ಹೆಸರಿಟ್ಟಿದ್ದರು, ನಮ್ಮ ಹೊಳೆಯ ಹೆಸರು. ಮಂಗಳ ಗ್ರಹದ ಕಡೆಗೆ ಹೊರಟಿದ್ದ ನೌಕೆಯ ಆಕ್ಸಿಜನ್ ಟಾಂಕಿ ಒಂದು ಸೋರಿತು. ತಲುಪಲು ಇನ್ನೂ 24 ದಿನ ಇತ್ತು. ಆಕ್ಸಿಜನ್ ಇದ್ದದ್ದು 20 ದಿನಕ್ಕೂ ಸಾಲದಷ್ಟು.

ನಮ್ಮ ಕಪ್ತಾನ ಕ್ಲಾಸಿಗೇ ಮೊದಲ ಸ್ಥಾನದ ಹುಡುಗ. ತಕ್ಷಣ ಆಜ್ಞೆ ಕೊಟ್ಟ: “ನೌಕೆ ತಿರುಗಿಸಿ, ಭೂಮಿಗೆ ವಾಪಸ್!” ಆದರೆ ಬಾಹ್ಯಾಕಾಶ ನೌಕೆ ಬಸ್ಸಿನ ಹಾಗೆ ತಿರುಗುವುದಿಲ್ಲ. ಇರುವ ವೇಗವನ್ನೆಲ್ಲ ಮೊದಲು ಕಳೆಯಬೇಕು, ಆಮೇಲೆ ಎದುರು ದಿಕ್ಕಿಗೆ ಅಷ್ಟೇ ವೇಗ ಪಡೆಯಬೇಕು, ಅದಕ್ಕೆ ಬೇಕಾದ ಇಂಧನ ಇಲ್ಲ ಎಂದೆ. “ಹಾಗಾದ್ರೆ ಎಲ್ಲರೂ ಕಡಿಮೆ ಉಸಿರಾಡಿ” ಎಂದ. ಎಲ್ಲರೂ ನಕ್ಕರು. ಇಪ್ಪತ್ತನೆಯ ದಿನ ಆಟ ಮುಗಿಯಿತು.

ಬೆಂಚು ಸರಿಸುವಾಗ, ನೀರು ಮತ್ತು ಗಾಳಿಯ ಉಸ್ತುವಾರಿ ಹೊತ್ತಿದ್ದ ಒಂಬತ್ತನೆಯ ಕ್ಲಾಸಿನ ಹುಡುಗಿಯ ನೋಟ್‌ಪುಸ್ತಕ ತೆರೆದಿತ್ತು. ಅದರಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಲೆಕ್ಕ. ನೀರನ್ನು ವಿದ್ಯುತ್ತಿನಿಂದ ವಿಭಜಿಸಿದರೆ ಆಕ್ಸಿಜನ್ ಸಿಗುತ್ತದೆ. ಕೊರತೆ ತುಂಬಲು ಸುಮಾರು 24 ಲೀಟರ್ ನೀರು ಸಾಕು. ಟಾಂಕಿಯಲ್ಲಿ 30 ಲೀಟರ್ ಹೆಚ್ಚುವರಿ ನೀರು ಇದೆ. ಲೆಕ್ಕ ಪೂರ್ತಿ ಸರಿ!

“ಹೇಳಬಹುದಿತ್ತಲ್ವಾ?” ಎಂದು ಕೇಳಿದೆ.

“ನನ್ನ ಹತ್ರ ಯಾರೂ ಕೇಳ್ಲಿಲ್ಲ ಟೀಚರ್” ಎಂದಳು.

ಉತ್ತರ ನೌಕೆಯೊಳಗೇ ಇತ್ತು. ಆದರೂ ನೌಕೆ ಉಳಿಯಲಿಲ್ಲ. ಮುಂದಿನ ಶುಕ್ರವಾರ ಆಟಕ್ಕೆ ಬಂದದ್ದು ಮೂರೇ ಜನ: ಕಪ್ತಾನ ಮತ್ತು ಅವನ ಇಬ್ಬರು ಗೆಳೆಯರು. ಆ ಹುಡುಗಿ ಬರಲಿಲ್ಲ. ತಪ್ಪು ಕಪ್ತಾನನದ್ದಲ್ಲ, ಅವಳದ್ದೂ ಅಲ್ಲ. ಆಟ ಕಟ್ಟಿದ ನನ್ನದು. ಅದನ್ನು ಹೇಗೆ ಸರಿಮಾಡಿದೆವು, ಅದರಲ್ಲಿ ಇರುವ ವಿಜ್ಞಾನ ಏನು ಎಂದು ಹೇಳುತ್ತೇನೆ. ಓದಿದ ಮೇಲೆ ನೀವೂ ನಿಮ್ಮ ಶಾಲೆಯಲ್ಲಿ ಆಡಬಹುದು.

ಇದು ಎಂಥ ಆಟ?

ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಮಾತಿನಲ್ಲೇ ಕತೆ ಮುಂದುವರಿಸುವ ಆಟ ಇದು. ಒಬ್ಬರು ಆಟ ನಡೆಸುತ್ತಾರೆ. “ನಿಮ್ಮ ಮುಂದೆ ಹೀಗಾಗಿದೆ, ಈಗ ಏನು ಮಾಡುತ್ತೀರಿ?” ಎಂದು ಕೇಳುತ್ತಾರೆ. ಉಳಿದವರು ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಹೇಳುತ್ತಾರೆ. ಫಲ ಏನಾಗುತ್ತದೆ ಎಂದು ಖಚಿತವಿಲ್ಲದ ಕಡೆ ದಾಳ ಹಾಕುತ್ತಾರೆ. ಈ ಬಗೆಯ ಆಟ ಅಚ್ಚಾಗಿ ಮಾರಾಟಕ್ಕೆ ಬಂದದ್ದು 1974ರಲ್ಲಿ, ಅಮೆರಿಕದಲ್ಲಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಮಾಡಿದ ಆ ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಅದರಲ್ಲಿ ಕತ್ತಿ, ಮಂತ್ರ, ರಾಕ್ಷಸರು. 1977ರಲ್ಲಿ ಮಾರ್ಕ್ ಮಿಲ್ಲರ್ ಎಂಬವರು ‘ಟ್ರಾವೆಲರ್’ ಎಂಬ ಆಟ ತಂದರು. ಅದರಲ್ಲಿ ಬಾಹ್ಯಾಕಾಶ ನೌಕೆ, ದೂರದ ನಕ್ಷತ್ರಗಳು, ಪೈಲಟ್, ಇಂಜಿನಿಯರ್, ವೈದ್ಯ. ನಾವು ಆಡುವುದು ಇದರ ಜಾತಿಯ ಆಟ. ಆದರೆ ನಿಯಮ ನಮ್ಮದೇ, ಸರಳ. ಖರ್ಚು ಎಂದರೆ ಎರಡು ಲೂಡೋ ದಾಳ ಮತ್ತು ಒಂದಿಷ್ಟು ಚೀಟಿ.

ಮಾತಿನಲ್ಲೇ ಕತೆ ಕಟ್ಟುವ ಆಟ ಎಂದೊಡನೆ ನಿಮಗೆ ಏನಾದರೂ ನೆನಪಾಯಿತಾ? ನನಗೆ ತಡವಾಗಿ ನೆನಪಾಯಿತು.

ತಾಳಮದ್ದಳೆ ಕಲಿಸಿದ ಪಾಠ

ನಾವು ಕುಂಬಳೆಯ ಪಾರ್ತಿಸುಬ್ಬನ ಸೀಮೆಯವರು. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳ ಮಾತು ಕೇಳಿದ ನೆಲ ಇದು. ತಾಳಮದ್ದಳೆ ಅಂದರೆ ಏನು ಎಂದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಚೆಂಡೆ ಮದ್ದಳೆ ಇರುತ್ತದೆ, ಎದುರಿಗೆ ಕುಳಿತ ಅರ್ಥಧಾರಿಗಳು ಆ ಪದ್ಯಕ್ಕೆ ಪಾತ್ರವಾಗಿ ಅರ್ಥ ಹೇಳುತ್ತಾರೆ. ಬರೆದಿಟ್ಟ ಮಾತಲ್ಲ, ಆಗಲೇ ಹುಟ್ಟುವ ಮಾತು.

ಆ ಮೂರೇ ಜನ ಬಂದ ವಾರದ ಕೊನೆಗೆ ನಮ್ಮೂರ ಭಜನಾ ಮಂದಿರದಲ್ಲಿ ‘ಕೃಷ್ಣ ಸಂಧಾನ’ ತಾಳಮದ್ದಳೆ ಇತ್ತು. ಸಂಧಾನ ಮುರಿಯುತ್ತದೆ ಎಂದು ಅಲ್ಲಿ ಕುಳಿತ ಎಲ್ಲರಿಗೂ ಗೊತ್ತು. ಆದರೂ ಒಬ್ಬರೂ ಎದ್ದು ಹೋಗಲಿಲ್ಲ. ಯಾಕೆ? ನಾನು ಆ ದಿನ ಶಿಕ್ಷಕಿಯಾಗಿ ನೋಡಿದೆ. ಮೂರು ವಿಷಯ ಕಂಡಿತು.

ಒಂದು, ಪ್ರತಿ ಪಾತ್ರಕ್ಕೂ ಅದರದ್ದೇ ಆದ ಒಂದು ಬೇಡಿಕೆ ಇದೆ. ಕೃಷ್ಣನಿಗೆ ಸಂಧಿಯ ಮಾತು ಆಡಿಯೇ ತೀರಬೇಕು. ಕೌರವನಿಗೆ ರಾಜ್ಯ ಬಿಡಲಾಗದು, ಅದಕ್ಕೆ ಅವನದ್ದೇ ನ್ಯಾಯ ಇದೆ. ವಿದುರನಿಗೆ ಕೃಷ್ಣ ತನ್ನ ಮನೆಗೆ ಬಂದದ್ದೇ ದೊಡ್ಡದು. ಹೇಳಿದ್ದಕ್ಕೆಲ್ಲ ತಲೆಯಾಡಿಸುವುದಕ್ಕೆಂದು ಅಲ್ಲಿ ಯಾರನ್ನೂ ಕೂರಿಸಿಲ್ಲ.

ಎರಡು, ಮಾತಿನ ಸರದಿ ಇದೆ. ದೊಡ್ಡ ಪಾತ್ರವೂ ಎದುರಿನವರಿಗೆ ಪ್ರಶ್ನೆ ಹಾಕಿ ಕಾಯಬೇಕು. ಎದುರಿನವರು ಒಳ್ಳೆಯ ಉತ್ತರ ಕೊಟ್ಟರೆ ಮಾತ್ರ ತನ್ನ ಮಾತಿಗೂ ಕಳೆ.

ಮೂರು, ಭಾಗವತರು. ಅವರು ಯಾರ ಪಕ್ಷವೂ ಅಲ್ಲ. ಒಬ್ಬರ ಮಾತು ಉದ್ದವಾದರೆ ಮುಂದಿನ ಪದ್ಯ ಎತ್ತುತ್ತಾರೆ, ಮಾತು ಇನ್ನೊಬ್ಬರ ಕೈಗೆ ಹೋಗುತ್ತದೆ. ಇಡೀ ರಾತ್ರಿ ಆಟ ನಡೆಸುವವರು ಅವರೇ. ಆದರೆ ಯಾವ ಪಾತ್ರದ ಬಾಯಿಗೂ ಅವರು ಮಾತು ತುರುಕುವುದಿಲ್ಲ.

ನಾನು ಮಾಡಿದ್ದೇನು? ಐದು ಜನರಿಗೆ ಹುದ್ದೆಯ ಹೆಸರು ಮಾತ್ರ ಕೊಟ್ಟಿದ್ದೆ. ಕಪ್ತಾನನಿಗೆ ಮಾತ್ರ ಕೆಲಸ ಕೊಟ್ಟಿದ್ದೆ. ಉಳಿದವರು ಪ್ರೇಕ್ಷಕರಾದರು. ಪ್ರೇಕ್ಷಕರು ಎರಡನೆಯ ವಾರ ಬರಬೇಕು ಎಂದು ಯಾವ ನಿಯಮ ಇದೆ ಹೇಳಿ?

ಕೇಳದೆ ಹೋದ ಮಾತು

ಇದು ಬರೇ ಆಟದ ವಿಷಯ ಅಲ್ಲ. 1986ರ ಜನವರಿ 28ರಂದು ಅಮೆರಿಕದ ‘ಚಾಲೆಂಜರ್’ ನೌಕೆ ಹಾರಿದ 73 ಸೆಕೆಂಡಿನಲ್ಲಿ ಒಡೆದುಹೋಯಿತು. 7 ಜನ ತೀರಿಕೊಂಡರು. ಅವರಲ್ಲಿ ಒಬ್ಬರು ಕ್ರಿಸ್ಟಾ ಮೆಕಾಲಿಫ್, ಹೈಸ್ಕೂಲ್ ಶಿಕ್ಷಕಿ. ಬಾಹ್ಯಾಕಾಶದಿಂದ ಮಕ್ಕಳಿಗೆ ಪಾಠ ಮಾಡಬೇಕು ಎಂದು ಹೊರಟವರು.

ಕಾರಣ ಏನು? ಬೂಸ್ಟರ್ ರಾಕೆಟ್ಟಿನ ಭಾಗಗಳು ಸೇರುವ ಕಡೆ ಬಿಸಿ ಅನಿಲ ಹೊರಗೆ ಬಾರದ ಹಾಗೆ ರಬ್ಬರಿನ ಉಂಗುರಗಳು ಇದ್ದವು. ಮನೆಯ ಕುಕ್ಕರಿನ ಮುಚ್ಚಳದಲ್ಲಿ ಇರುವ ರಬ್ಬರ್ ಬಳೆಯಂಥದ್ದು ಎಂದುಕೊಳ್ಳಿ. ಚಳಿಗೆ ಆ ರಬ್ಬರ್ ಗಡುಸಾಯಿತು. ಒತ್ತಿ ಬಿಟ್ಟರೆ ಕೂಡಲೇ ಮೊದಲಿನ ಆಕಾರಕ್ಕೆ ಬರಲಿಲ್ಲ. ಸಂದಿನಿಂದ ಬೆಂಕಿ ಹೊರಬಂತು. ಆಮೇಲಿನ ವಿಚಾರಣೆಯಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಆ ರಬ್ಬರಿನ ತುಂಡನ್ನು ಮಂಜುಗಡ್ಡೆ ಹಾಕಿದ ನೀರಿನಲ್ಲಿ ಅದ್ದಿ ಎಲ್ಲರ ಎದುರೇ ಇದನ್ನು ತೋರಿಸಿದರು. ನಮ್ಮ ಲ್ಯಾಬಿನಲ್ಲೂ ಮಾಡಬಹುದಾದ ಪ್ರಯೋಗ.

ಆದರೆ ನೋವಿನ ಸಂಗತಿ ಬೇರೆ. ಹಾರುವ ಹಿಂದಿನ ರಾತ್ರಿಯೇ, ಬೂಸ್ಟರ್ ಮಾಡಿದ ಕಂಪನಿಯ ಇಂಜಿನಿಯರುಗಳು “ಇಷ್ಟು ಚಳಿಯಲ್ಲಿ ಬೇಡ” ಎಂದು ಫೋನಿನಲ್ಲಿ ವಾದಿಸಿದ್ದರು. ರೋಜರ್ ಬೋಯ್ಸ್‌ಜೊಲಿ ಅವರಲ್ಲಿ ಒಬ್ಬರು. ಮೇಲಿನವರು ಒಪ್ಪಲಿಲ್ಲ. ಅಲ್ಲಿಯೂ ಉತ್ತರ ಇತ್ತು. ಕೇಳಿಸಿಕೊಳ್ಳುವ ನಾಯಕತ್ವ ಇರಲಿಲ್ಲ.

ನಾಯಕ ಯಾವಾಗ ಮಾತಾಡಬೇಕು?

ಈಗ ಇದಕ್ಕೆ ವಿರುದ್ಧವಾದ ಕತೆ ನೋಡಿ. 1970ರ ಏಪ್ರಿಲ್ 11ರಂದು ‘ಅಪೋಲೊ 13’ ಚಂದ್ರನ ಕಡೆಗೆ ಹೊರಟಿತು. ಎರಡು ದಿನದ ಮೇಲೆ ಆಕ್ಸಿಜನ್ ಟಾಂಕಿ ಸಿಡಿಯಿತು. ಜಿಮ್ ಲವೆಲ್, ಜ್ಯಾಕ್ ಸ್ವಿಗರ್ಟ್, ಫ್ರೆಡ್ ಹೇಸ್ ಎಂಬ ಮೂವರು, ಇಬ್ಬರಿಗೆಂದು ಮಾಡಿದ ಚಂದ್ರನೌಕೆಯೊಳಗೆ ಸೇರಿಕೊಂಡರು. ಅದರಲ್ಲಿ ಆಕ್ಸಿಜನ್ ಸಾಕಷ್ಟಿತ್ತು. ತೊಂದರೆ ಬಂದದ್ದು ಅವರು ಹೊರಬಿಡುವ ಕಾರ್ಬನ್ ಡೈಆಕ್ಸೈಡಿನಿಂದ. ಅದನ್ನು ಹೀರಿಕೊಳ್ಳಲು ಲಿಥಿಯಂ ಹೈಡ್ರಾಕ್ಸೈಡ್ ತುಂಬಿದ ಡಬ್ಬಿಗಳು ಬೇಕು. ಕ್ಷಾರಕ್ಕೂ ಆಮ್ಲೀಯ ಆಕ್ಸೈಡಿಗೂ ನಡೆಯುವ ಪ್ರತಿಕ್ರಿಯೆ ನೀವು ಕಲಿತದ್ದೇ. ಚಂದ್ರನೌಕೆಯ ಡಬ್ಬಿ ಸಾಲದು. ಮುಖ್ಯ ನೌಕೆಯಲ್ಲಿ ಬೇಕಾದಷ್ಟು ಡಬ್ಬಿ ಇತ್ತು, ಆದರೆ ಅದು ಚೌಕ. ಇಲ್ಲಿನ ತೂತು ಉರುಟು!

ಪರಿಹಾರ ಕಂಡುಹಿಡಿದದ್ದು ಕಮಾಂಡರ್ ಲವೆಲ್ ಅಲ್ಲ. ಭೂಮಿಯಲ್ಲಿದ್ದ ಇಂಜಿನಿಯರುಗಳು, ನೌಕೆಯಲ್ಲಿ ಇರುವ ವಸ್ತುಗಳನ್ನೇ ಎದುರಿಗಿಟ್ಟುಕೊಂಡು, ಪ್ಲಾಸ್ಟಿಕ್ ಚೀಲ, ರಟ್ಟು, ಕೊಳವೆ, ಅಂಟುಪಟ್ಟಿಯಿಂದ ಒಂದು ಜೋಡಣೆ ಮಾಡಿದರು. ಅದನ್ನು ಮಾಡುವ ಕ್ರಮವನ್ನು ರೇಡಿಯೋದಲ್ಲಿ ಓದಿ ಹೇಳಿದರು. ಮೇಲಿದ್ದವರು ಕೇಳಿ ಮಾಡಿದರು. ಇನ್ನೊಂದು ವಿಷಯ. ಕೆನ್ ಮ್ಯಾಟಿಂಗ್ಲಿ ಎಂಬವರನ್ನು, ರುಬೆಲ್ಲಾ ಸೋಂಕು ತಗಲಿರಬಹುದು ಎಂದು ಕೊನೆಯ ಗಳಿಗೆಯಲ್ಲಿ ತಂಡದಿಂದ ಬಿಟ್ಟಿದ್ದರು. ಆರಿಸಿಟ್ಟಿದ್ದ ಮುಖ್ಯ ನೌಕೆಗೆ ಮತ್ತೆ ವಿದ್ಯುತ್ ಕೊಡುವ ಕ್ರಮ ಸಿದ್ಧಪಡಿಸಲು ಭೂಮಿಯಲ್ಲಿ ದುಡಿದವರಲ್ಲಿ ಅವರೂ ಒಬ್ಬರು. ತಂಡದಿಂದ ಹೊರಗುಳಿದವರೂ ತಂಡವನ್ನು ಉಳಿಸಬಹುದು. ಏಪ್ರಿಲ್ 17ರಂದು ಮೂವರೂ ಜೀವಸಹಿತ ಸಮುದ್ರಕ್ಕಿಳಿದರು.

ಹಾಗಾದರೆ ನಾಯಕನಿಗೆ ಏನು ಕೆಲಸ? ಭೂಮಿಯಲ್ಲಿ ನಿಯಂತ್ರಣ ಕೊಠಡಿ ನಡೆಸುತ್ತಿದ್ದ ಜೀನ್ ಕ್ರಾಂಟ್ಜ್ ಯಾವ ಡಬ್ಬಿಯನ್ನೂ ಜೋಡಿಸಲಿಲ್ಲ. ಯಾರ ಹತ್ತಿರ ಯಾವ ಪ್ರಶ್ನೆ ಕೇಳಬೇಕು ಎಂದು ತಿಳಿದಿದ್ದರು. ಉತ್ತರಗಳನ್ನು ಒಟ್ಟಿಗಿಟ್ಟು ತೀರ್ಮಾನ ಹೇಳಿದರು. ನಮ್ಮ ಭಾಗವತರ ಕೆಲಸವೂ ಸುಮಾರಾಗಿ ಇದೇ, ಅಲ್ವಾ?

ನಮ್ಮ ಆಟಕ್ಕೆ ಇದರಿಂದ ಒಂದು ನಿಯಮ ಬಂತು. ತೀರ್ಮಾನಗಳನ್ನು ಮೂರಾಗಿ ವಿಂಗಡಿಸಿದೆವು. ಸೆಕೆಂಡುಗಳೊಳಗೆ ಆಗಬೇಕಾದದ್ದು, ಉದಾಹರಣೆಗೆ ಬೆಂಕಿ ಬಿದ್ದರೆ ಬಾಗಿಲು ಮುಚ್ಚುವುದು, ಕಪ್ತಾನನದ್ದು. ಅಲ್ಲಿ ಚರ್ಚೆ ಇಲ್ಲ. ಒಂದು ವಿದ್ಯೆಗೆ ಸೇರಿದ್ದು, ಉದಾಹರಣೆಗೆ ಔಷಧದ ಪ್ರಮಾಣ, ಆ ವಿದ್ಯೆ ಬಲ್ಲವರದ್ದು. ಕಪ್ತಾನ ಬದಲಾಯಿಸುವಂತಿಲ್ಲ. ಎಲ್ಲರ ಜೀವಕ್ಕೆ ಸಂಬಂಧಿಸಿ, ಯೋಚಿಸಲು ಸಮಯ ಇರುವಂಥದ್ದು ಎಲ್ಲರದ್ದು. ಅಲ್ಲಿ ಕಪ್ತಾನ ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕೇಳಬೇಕು, ತನ್ನ ಅಭಿಪ್ರಾಯವನ್ನು ಕೊನೆಗೆ ಹೇಳಬೇಕು. ಮೊದಲೇ ಹೇಳಿದರೆ ಸಣ್ಣ ಕ್ಲಾಸಿನವರು “ಹೌದು ಹೌದು” ಎಂದು ಬಿಡುತ್ತಾರೆ.

ಪ್ರತಿ ವಾರ ಕಪ್ತಾನ ಬದಲಾಗುವುದು ಇನ್ನೊಂದು ನಿಯಮ. ಆಜ್ಞೆ ಕೊಟ್ಟವನು ಮುಂದಿನ ವಾರ ಆಜ್ಞೆ ಪಾಲಿಸಬೇಕಾಗುತ್ತದೆ. ಆಗ ಮಾತಿನ ಧಾಟಿ ತನ್ನಿಂತಾನೇ ಮೃದುವಾಗುತ್ತದೆ!

ಸೋತಾಗ ಏನು? ಅದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. 1979ರ ಆಗಸ್ಟ್ 10ರಂದು ಶ್ರೀಹರಿಕೋಟೆಯಿಂದ ಹಾರಿದ ಎಸ್‌ಎಲ್‌ವಿ-3 ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಯೋಜನೆಯ ನಿರ್ದೇಶಕರು ಅಬ್ದುಲ್ ಕಲಾಂ. ಇಸ್ರೋ ಅಧ್ಯಕ್ಷರು ಸತೀಶ್ ಧವನ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಅವರೇ ಆಗಿದ್ದರು. ಆ ದಿನ ಪತ್ರಕರ್ತರ ಮುಂದೆ ಬಂದು ಸೋಲಿನ ಹೊಣೆ ಹೊತ್ತವರು ಧವನ್. ಮರುವರ್ಷ, 1980ರ ಜುಲೈ 18ರಂದು ಅದೇ ಜಾತಿಯ ರಾಕೆಟ್ ‘ರೋಹಿಣಿ’ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆಗ ಧವನ್ ಪತ್ರಕರ್ತರ ಮುಂದೆ ಕಲಾಂ ಅವರನ್ನು ಕಳುಹಿಸಿದರು. ಕಲಾಂ ಈ ಸಂಗತಿಯನ್ನು ಎಷ್ಟೋ ಕಡೆ ಮಕ್ಕಳಿಗೆ ಹೇಳಿದ್ದಾರೆ. ನಮ್ಮ ಆಟದಲ್ಲೂ ಹಾಗೆಯೇ. ಸೋತರೆ ಕಪ್ತಾನ ಎದ್ದು “ಇದು ನನ್ನ ತೀರ್ಮಾನ” ಎನ್ನಬೇಕು. ಗೆದ್ದರೆ ಯಾರಿಂದ ಗೆದ್ದೆವೋ ಅವರ ಹೆಸರು ಹೇಳಬೇಕು.

ದಾಳದ ಲೆಕ್ಕ ಏನು ಹೇಳುತ್ತದೆ?

“ಎಲ್ಲರ ಮಾತು ಕೇಳಬೇಕು” ಎಂದು ಉಪದೇಶ ಮಾಡಿದರೆ ನೀವು ಆಕಳಿಸುತ್ತೀರಿ, ಗೊತ್ತು. ಆದ್ದರಿಂದ ಅದನ್ನು ದಾಳದೊಳಗೇ ಇಟ್ಟೆವು.

ಎರಡು ದಾಳ ಹಾಕಿ ಕೂಡಿಸಿ. ಮೊತ್ತ 8 ಅಥವಾ ಹೆಚ್ಚು ಬಂದರೆ ಕೆಲಸ ಆಯಿತು. ಎರಡು ದಾಳಕ್ಕೆ ಒಟ್ಟು 36 ಸಾಧ್ಯತೆ. ಅದರಲ್ಲಿ 8 ಅಥವಾ ಹೆಚ್ಚು ಬರುವುದು 15 ಬಗೆಯಲ್ಲಿ. ಅಂದರೆ 100ಕ್ಕೆ ಸುಮಾರು 42. ಆ ಕೆಲಸ ಚೆನ್ನಾಗಿ ಬಲ್ಲವರು ಮೊತ್ತಕ್ಕೆ 2 ಸೇರಿಸಲಿ. ಈಗ ಅವರಿಗೆ 6 ಬಂದರೂ ಸಾಕು. 36ರಲ್ಲಿ 26, ಸುಮಾರು 72. ಏನೂ ತಿಳಿಯದವರು ಮಾಡಲು ಹೊರಟರೆ 3 ಕಳೆಯಬೇಕು. ಅವರಿಗೆ 11 ಅಥವಾ 12 ಬೇಕು. 36ರಲ್ಲಿ 3 ಮಾತ್ರ, ಸುಮಾರು 8.

ಕಪ್ತಾನ “ನಾನೇ ಮಾಡುತ್ತೇನೆ” ಎಂದು ಇಂಜಿನಿನ ಕೆಲಸಕ್ಕೆ ಕೈಹಾಕಿದರೆ 100ಕ್ಕೆ 8. ಇಂಜಿನಿಯರಿಗೆ ಬಿಟ್ಟರೆ 72. ಇನ್ನೊಬ್ಬರು ಅದಕ್ಕೆ ಸಂಬಂಧಿಸಿದ ಒಂದು ಸರಿಯಾದ ವಿಜ್ಞಾನದ ಮಾತು ಹೇಳಿ ಸಹಾಯ ಮಾಡಿದರೆ ಇನ್ನೂ 1 ಸೇರುತ್ತದೆ. ಆಗ 5 ಸಾಕು, 36ರಲ್ಲಿ 30, ಅಂದರೆ 83. ಈ ಲೆಕ್ಕ ಬೋರ್ಡಿನಲ್ಲಿ ಬರೆದ ದಿನ ನಮ್ಮ ಹಳೆಯ ಕಪ್ತಾನ ಸ್ವಲ್ಪ ಹೊತ್ತು ನೋಡಿ, “ಟೀಚರ್, ಸುಮ್ನೆ ಕೇಳಿದ್ರೆ ಲಾಭ ಉಂಟು” ಎಂದ. ನನ್ನ ಹತ್ತು ನಿಮಿಷದ ಭಾಷಣಕ್ಕಿಂತ ಅದು ಚೆನ್ನಾಗಿತ್ತು.

ಉತ್ಸಾಹ ಎಲ್ಲಿಂದ ಬರುತ್ತದೆ?

ನಾಯಕತ್ವ ಸರಿಯಾದರೂ, ವಾರವಾರ ಬರಬೇಕು ಎಂಬ ಆಸೆ ಹುಟ್ಟಬೇಕಲ್ಲ?

1973ರ ನವೆಂಬರಿನಲ್ಲಿ ‘ಸ್ಕೈಲ್ಯಾಬ್’ ಎಂಬ ಬಾಹ್ಯಾಕಾಶ ನಿಲ್ದಾಣಕ್ಕೆ ಮೂರನೆಯ ತಂಡ ಹೋಯಿತು: ಜೆರಾಲ್ಡ್ ಕಾರ್, ಎಡ್ವರ್ಡ್ ಗಿಬ್ಸನ್, ವಿಲಿಯಂ ಪೋಗ್. ಮೂವರಿಗೂ ಅದು ಮೊದಲ ಯಾನ. 84 ದಿನ ಅಲ್ಲಿದ್ದರು. ಹಿಂದಿನ ತಂಡ ಪಳಗಿದ ಮೇಲೆ ಎಷ್ಟು ವೇಗದಲ್ಲಿ ಕೆಲಸ ಮಾಡಿತ್ತೋ ಅದೇ ವೇಗವನ್ನು ಈ ಹೊಸಬರಿಂದ ಮೊದಲ ದಿನದಿಂದಲೇ ಬಯಸಿದರು. ನಿಮಿಷ ನಿಮಿಷಕ್ಕೂ ಕೆಲಸದ ಪಟ್ಟಿ. ಊಟದ ಹೊತ್ತೂ ಬಿಡುವಿಲ್ಲ. ತಪ್ಪುಗಳಾದವು, ಮನಸ್ಸು ಕುಗ್ಗಿತು. ಡಿಸೆಂಬರ್ 30ರಂದು ಭೂಮಿಯವರೂ ಅವರೂ ಮನಬಿಚ್ಚಿ ಮಾತಾಡಿದರು. ಅಲ್ಲಿಂದ ಊಟದ ಹೊತ್ತು, ಸಂಜೆಯ ಬಿಡುವು ಅವರದ್ದಾಯಿತು. ಹೊತ್ತುಗೊತ್ತಿನ ಹಂಗಿಲ್ಲದ ಸಣ್ಣ ಕೆಲಸಗಳನ್ನು ಒಂದು ಪಟ್ಟಿ ಮಾಡಿ ಕೊಟ್ಟರು: ನಿಮಗೆ ಬೇಕಾದಾಗ ಬೇಕಾದ್ದನ್ನು ಆರಿಸಿ ಮಾಡಿ ಎಂದು. ಕೆಲಸ ಸುಗಮವಾಗಿ ಸಾಗಿತು. ಮನುಷ್ಯರು ಅವರೇ, ನೌಕೆ ಅದೇ. ಬದಲಾದದ್ದು, ಆರಿಸುವ ಹಕ್ಕು.

ಇದರಿಂದ ನಾವು ಎರಡು ವಿಷಯ ತೆಗೆದುಕೊಂಡೆವು. ಮೊದಲನೆಯದು, ಪಾತ್ರವನ್ನು ನಾನು ಹಂಚುವುದಿಲ್ಲ. ಮಕ್ಕಳೇ ಆರಿಸುತ್ತಾರೆ, ಮತ್ತು ಒಂದು ಚೀಟಿಯಲ್ಲಿ ಎರಡು ಸಾಲು ಬರೆಯುತ್ತಾರೆ: ‘ನನಗೆ ಏನು ಬೇಕು’, ‘ನನಗೆ ಯಾವುದರ ಹೆದರಿಕೆ’. ಒಬ್ಬ ಪೈಲಟ್ ಬರೆದ, ‘ಮಂಗಳದ ಮಣ್ಣು ಅಮ್ಮನಿಗೆ ತಂದುಕೊಡಬೇಕು.’ ಒಬ್ಬಳು ವೈದ್ಯೆ ಬರೆದಳು, ‘ನನ್ನ ಕೈಯಲ್ಲಿ ಯಾರೂ ಸಾಯಬಾರದು.’ ಆಟ ನಡೆಸುವವರು ಕತೆ ಕಟ್ಟುವಾಗ ಈ ಚೀಟಿಗಳನ್ನು ನೋಡಿಕೊಳ್ಳಬೇಕು. ಒಂದು ದಿನ ಮಣ್ಣಿನ ಡಬ್ಬಿಯೇ ಅಪಾಯಕ್ಕೆ ಬೀಳಲಿ. ಇನ್ನೊಂದು ದಿನ ವೈದ್ಯೆಯ ಸರದಿ. ಸಂಗತಿ ತನ್ನದೇ ಆದಾಗ ಯಾರನ್ನೂ ಕರೆಯಬೇಕಾಗಿಲ್ಲ.

ಎರಡನೆಯದು, ಎಲ್ಲರಿಗೂ ಸೇರಿದ ಒಂದು ಹೊರೆ. ‘ಟ್ರಾವೆಲರ್’ ಆಟದಲ್ಲಿ ಇದಕ್ಕೆ ಒಂದು ಜಾಣ ಉಪಾಯ ಇದೆ. ಆಟಗಾರರ ನೌಕೆ ಸಾಲದ್ದು! ತಿಂಗಳ ಕಂತು ನೌಕೆಯ ಬೆಲೆಯ 240ರಲ್ಲಿ ಒಂದು ಪಾಲು, ಹೀಗೆ 480 ತಿಂಗಳು. ನೌಕೆಯ ಬೆಲೆ 24 ಕೋಟಿ ಎಂದುಕೊಂಡರೆ ತಿಂಗಳಿಗೆ 10 ಲಕ್ಷ. 40 ವರ್ಷದ ಕಂತು ಕೂಡಿಸಿದರೆ 48 ಕೋಟಿ, ಬೆಲೆಯ ಎರಡು ಪಟ್ಟು. ಬ್ಯಾಂಕಿನಿಂದ ಸಾಲ ಮಾಡಿ ಆಟೋ ತೆಗೆದವರ ಮನೆಯ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಂತಿನ ದಿನ ಹತ್ತಿರ ಬಂದಾಗ ಗಾಡಿ ಸುಮ್ಮನೆ ನಿಲ್ಲುವುದಿಲ್ಲ. ನೌಕೆಯೂ ಹಾಗೆ. ಪ್ರತಿಯೊಬ್ಬರ ಆಸೆ ಬೇರೆ, ಆದರೆ ಕಂತು ಎಲ್ಲರದ್ದು. ಜಗಳಾಡಿದರೂ ಒಟ್ಟಿಗೇ ಇರಬೇಕು.

ಮಾಡಿ ನೋಡಿ

ಈಗ ಆಟ ನಿಮ್ಮ ಕೈಗೆ. ಆರು ಆಟಗಾರರು, ನಡೆಸುವವರು ಒಬ್ಬರು, ಒಂದು ಪೀರಿಯಡ್ ಸಾಕು. ನೌಕೆ ತಲುಪಲು 24 ದಿನ ಇದೆ. ಆಕ್ಸಿಜನ್ ಸೋರಿದೆ. ಕೆಳಗಿನ ಸಂಗತಿಗಳನ್ನು ಬೇರೆ ಬೇರೆ ಚೀಟಿಯಲ್ಲಿ ಬರೆದು ಒಬ್ಬೊಬ್ಬರಿಗೆ ಒಂದೊಂದು ಕೊಡಿ. ಚೀಟಿಯನ್ನು ಇನ್ನೊಬ್ಬರಿಗೆ ತೋರಿಸುವ ಹಾಗಿಲ್ಲ. ಯಾರಾದರೂ ಕೇಳಿದರೆ ಮಾತಿನಲ್ಲಿ ಹೇಳಬಹುದು.

ನೀರು ಮತ್ತು ಗಾಳಿ ನೋಡುವವರಿಗೆ: ಉಳಿದ ಆಕ್ಸಿಜನ್ 100 ಕೆ.ಜಿ. ಕುಡಿಯುವ ನೀರು ಬಿಟ್ಟು ಹೆಚ್ಚುವರಿ ನೀರು 30 ಲೀಟರ್.

ವೈದ್ಯರಿಗೆ: ಒಬ್ಬ ಮನುಷ್ಯನಿಗೆ ದಿನಕ್ಕೆ ಸುಮಾರು 0.84 ಕೆ.ಜಿ. ಆಕ್ಸಿಜನ್ ಬೇಕು. ಒಬ್ಬರಿಗೆ ಸುಟ್ಟಗಾಯ ಆಗಿದೆ, ಅದರ ಶುಶ್ರೂಷೆಗೆ ಹೆಚ್ಚುವರಿ ನೀರಿನಲ್ಲಿ 10 ಲೀಟರ್ ತೆಗೆದಿಡಲೇಬೇಕು.

ಇಂಜಿನಿಯರಿಗೆ: ನೀರನ್ನು ವಿಭಜಿಸುವ ಯಂತ್ರ ನಡೆಸಬಹುದು. ಆದರೆ ಅದು ನಡೆಯುವಾಗ ರೇಡಿಯೋಕ್ಕೆ ವಿದ್ಯುತ್ ಸಾಲದು.

ಪೈಲಟಿಗೆ: ಉಳಿಸಿಟ್ಟ ಇಂಧನ ಸುಟ್ಟರೆ ಒಂದು ದಿನ ಮೊದಲು ತಲುಪಬಹುದು. ಆದರೆ ಕೊನೆಗೆ ವೇಗ ತಗ್ಗಿಸುವಾಗ ಇಂಧನ ಕಡಿಮೆ ಇರುತ್ತದೆ, ದಾಳ ಹಾಕಬೇಕಾಗುತ್ತದೆ.

ರೇಡಿಯೋದವರಿಗೆ: ಭೂಮಿ 18 ಕೋಟಿ ಕಿಲೋಮೀಟರ್ ದೂರ. ಸಂದೇಶ ಹೋಗಲು ಎಷ್ಟು ಹೊತ್ತು ಬೇಕು, ಲೆಕ್ಕ ಹಾಕು. ನಾಳೆ ನೌಕೆಯ ಒಬ್ಬರ ಮನೆಯಿಂದ ಮುಖ್ಯ ಸುದ್ದಿ ಬರಲಿದೆ.

ಕಪ್ತಾನನಿಗೆ: ನಿನ್ನ ಚೀಟಿಯಲ್ಲಿ ಯಾವ ಮಾಹಿತಿಯೂ ಇಲ್ಲ. ಉಳಿದ ಐವರಲ್ಲಿ ಇದೆ.

ಲೆಕ್ಕ ನೋಡಿ. ಆರು ಜನಕ್ಕೆ ದಿನಕ್ಕೆ 5.04 ಕೆ.ಜಿ., 24 ದಿನಕ್ಕೆ ಸುಮಾರು 121 ಕೆ.ಜಿ. ಕೊರತೆ 21 ಕೆ.ಜಿ. ನೀರಿನ ಅಣುರಾಶಿ 18, ಅದರಲ್ಲಿ ಆಕ್ಸಿಜನ್ 16. ಅಂದರೆ 9 ಕೆ.ಜಿ. ನೀರಿನಿಂದ 8 ಕೆ.ಜಿ. ಆಕ್ಸಿಜನ್. 21 ಕೆ.ಜಿ.ಗೆ ಸುಮಾರು 24 ಲೀಟರ್ ನೀರು ಬೇಕು. ಆದರೆ ಗಾಯಾಳುವಿನ ಪಾಲು ಕಳೆದರೆ ಇರುವುದು 20 ಲೀಟರ್. ಅದರಿಂದ 17.8 ಕೆ.ಜಿ. ಸಿಗುತ್ತದೆ. ಒಟ್ಟು 117.8. ಸಾಲದು! ಒಂದು ದಿನ ಮೊದಲು ತಲುಪಿದರೆ ಬೇಕಾದದ್ದು ಸುಮಾರು 116. ಆಗ ಸಾಕಾಗುತ್ತದೆ, ಉಳಿಯುವುದು ಎರಡು ಕೆ.ಜಿ.ಗೂ ಕಡಿಮೆ. ಇದಕ್ಕೆ ರೇಡಿಯೋ ನಿಲ್ಲಿಸಬೇಕು, ಇಂಧನದ ಅಪಾಯ ಒಪ್ಪಬೇಕು, ಮನೆಯ ಸುದ್ದಿಗೆ ಕಾದವರು ಕಾಯುತ್ತಲೇ ಇರಬೇಕು. ಅಥವಾ ಗಾಯಾಳುವಿನ ನೀರು ಕಡಿಮೆ ಮಾಡಬೇಕು. ಯಾವುದು ಸರಿ? ಅದನ್ನು ಲೆಕ್ಕ ಹೇಳುವುದಿಲ್ಲ, ನೀವು ಹೇಳಬೇಕು.

ಭೂಮಿಯನ್ನು ಕೇಳೋಣ ಎನ್ನುತ್ತೀರಾ? ರೇಡಿಯೋ ಅಲೆ ಬೆಳಕಿನ ವೇಗದಲ್ಲಿ, ಸೆಕೆಂಡಿಗೆ 3 ಲಕ್ಷ ಕಿಲೋಮೀಟರಿನಂತೆ ಹೋಗುತ್ತದೆ. 18 ಕೋಟಿ ಕಿಲೋಮೀಟರಿಗೆ 600 ಸೆಕೆಂಡು, ಅಂದರೆ 10 ನಿಮಿಷ. ಉತ್ತರ ಬರಲು ಇನ್ನು 10. ಆಟದಲ್ಲೂ ಗಡಿಯಾರ ನೋಡಿ ಇಪ್ಪತ್ತು ನಿಮಿಷ ಕಾಯಿಸಿ. ಪೀರಿಯಡಿನ ಅರ್ಧ ಹೋಯಿತು! ದೂರ ಹೋದಷ್ಟೂ ದೊಡ್ಡವರನ್ನು ಕೇಳಿ ಮಾಡುವುದು ಆಗದು. ಹತ್ತಿರ ಇರುವವರನ್ನು ಕೇಳಬೇಕು.

ನಡೆಸುವವರಿಗೆ ಒಂದೇ ಕಿವಿಮಾತು. ಉತ್ತರ ನಿಮಗೆ ಗೊತ್ತಿದ್ದರೂ ಬಾಯಿಬಿಡಬೇಡಿ. ಒಬ್ಬರೇ ತುಂಬ ಮಾತಾಡಿದರೆ ಭಾಗವತರ ಹಾಗೆ ಮುಂದಿನ ಪದ್ಯ ಎತ್ತಿ: “ಅಷ್ಟರಲ್ಲಿ ನೀರಿನ ಟಾಂಕಿಯ ಕಡೆ ಒಂದು ಸದ್ದು ಕೇಳಿತು...” ಮಾತು ತಾನಾಗಿ ಇನ್ನೊಬ್ಬರಿಗೆ ಹೋಗುತ್ತದೆ.

ಕೊನೆಗೆ

ನಿಯಮ ಬದಲಾದ ಮೇಲೆ ನಾನು ಆ ಹುಡುಗಿಯನ್ನು ಕರೆದು, “ಈ ಸಲ ನೀನು ಕಪ್ತಾನ ಆಗ್ತೀಯಾ?” ಎಂದೆ. ಬೇಡ ಎಂದಳು. “ನೀರಿನದ್ದೇ ಸಾಕು ಟೀಚರ್.” ಅವಳ ಆಯ್ಕೆ, ಒಪ್ಪಿದೆ. ಆ ಶುಕ್ರವಾರ ಕಪ್ತಾನನಾದವನು ಎಂಟನೆಯ ಕ್ಲಾಸಿನ ಸಣ್ಣ ಹುಡುಗ. ಚೀಟಿ ತೆರೆದು ನೋಡಿದ, ಖಾಲಿ. ಸ್ವಲ್ಪ ಹೆದರಿದ. ಆಮೇಲೆ ಅವಳ ಕಡೆ ತಿರುಗಿ ಕೇಳಿದ: “ಅಕ್ಕಾ, ನಿಮ್ಮ ಹತ್ರ ಎಂತ ಉಂಟು?”

ಅವಳು ನೋಟ್‌ಪುಸ್ತಕ ತೆರೆದು ಓದಲು ಶುರು ಮಾಡಿದಳು. ನಮ್ಮ ಹಳೆಯ ಕಪ್ತಾನ ಈಗ ಪೈಲಟ್. ಅವಳ ಲೆಕ್ಕ ಕೇಳಿಕೊಂಡು, ಒಂದು ದಿನ ಮೊದಲು ತಲುಪಿಸುವ ದಾರಿ ಹೇಳಿದ. ಕೊನೆಗೆ ಇಂಧನಕ್ಕಾಗಿ ದಾಳ ಹಾಕುವಾಗ ಆರು ಜನವೂ ಬೆಂಚಿನಿಂದ ಎದ್ದು ನಿಂತಿದ್ದರು. ಬೆಲ್ ಆದದ್ದು ಯಾರಿಗೂ ಕೇಳಿಸಲಿಲ್ಲ.

ಎಷ್ಟು ಬಿತ್ತು ಎಂದು ಕೇಳಬೇಡಿ. ನಿಮ್ಮ ದಾಳ ನೀವೇ ಹಾಕಿ ನೋಡಿ. ಆದರೆ ಹಾಕುವ ಮೊದಲು, ನಿಮ್ಮ ಬೆಂಚಿನ ತುದಿಯಲ್ಲಿ ಮಾತಿಲ್ಲದೆ ಕುಳಿತವರು ಯಾರಾದರೂ ಇದ್ದರೆ, ಅವರ ಹತ್ತಿರ ಒಮ್ಮೆ ಕೇಳಿ.